ಜನರಲ್ ಶ್ರೀನಾಗೇಶ್: ದಂಡಿನಿಂದ ರಾಜಭವನಕ್ಕೆ ಬಂದ ಮೈಸೂರು ರಾಜ್ಯದ ಎರಡನೆಯ ರಾಜ್ಯಪಾಲರು

ಚಾಮುಂಡಿಪುರಂ ಓದುಗ (ಮೈಸೂರು)

ದಸರೆಯ ಕೊನೆಯ ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ತೆರೆದ ಜೀಪಿನಲ್ಲಿ ನಿಂತು ಗೌರವ ವಂದನೆ ಸ್ವೀಕರಿಸುವುದು ವಾಡಿಕೆಯಂತೆ ರಾಜ್ಯಪಾಲರ ಕೆಲಸ. ನಮ್ಮ ರಾಜ್ಯಪಾಲರ ಪಟ್ಟಿಯಲ್ಲಿ ರಾಜಕಾರಣಿಗಳಿದ್ದಾರೆ, ಐಸಿಎಸ್ ಅಧಿಕಾರಿಗಳಿದ್ದಾರೆ, ಕಾರ್ಮಿಕ ಮುಖಂಡರಾಗಿದ್ದ ವಿ.ವಿ. ಗಿರಿಯವರಿದ್ದಾರೆ. ಕವಾಯತನ್ನೇ ಜೀವನವಾಗಿಸಿಕೊಂಡಿದ್ದವರು ಮಾತ್ರ ಒಬ್ಬರೇ. ಅವರು ಜನರಲ್ ಸತ್ಯವಂತ ಮಲ್ಲಣ್ಣ ಶ್ರೀನಾಗೇಶ್. 1964ರ ಮೇ 4ರಂದು ಜಯಚಾಮರಾಜೇಂದ್ರ ಒಡೆಯರು ಮದ್ರಾಸಿನ ರಾಜ್ಯಪಾಲರಾಗಿ ಹೊರಟಾಗ ಅವರ ಸ್ಥಾನಕ್ಕೆ ಬಂದ ಶ್ರೀನಾಗೇಶರು, 1965ರ ಏಪ್ರಿಲ್ 2ರಂದು ಗಿರಿಯವರಿಗೆ ಅಧಿಕಾರ ವಹಿಸಿಕೊಟ್ಟು ತೆರಳಿದರು. ಹನ್ನೊಂದು ತಿಂಗಳು ಕೂಡ ಪೂರ್ತಿಯಾಗದ ಈ ಅವಧಿಯನ್ನು ನಮ್ಮ ಇತಿಹಾಸದ ಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ.

ಅವರು ಹುಟ್ಟಿದ್ದು 1903ರ ಮೇ 11ರಂದು, ಕೊಲ್ಹಾಪುರದಲ್ಲಿ. ತಂದೆ ಹೈದರಾಬಾದಿನ ನಿಜಾಮರ ವೈದ್ಯರಾಗಿದ್ದರು. ಇಂಗ್ಲೆಂಡಿನಲ್ಲಿ ಓದಿ, ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನಿಂದ 1923ರಲ್ಲಿ ಅಧಿಕಾರಿಯಾಗಿ ಹೊರಬಂದರು. ಭಾರತೀಯರಿಗೆ ಅಲ್ಲಿ ವರ್ಷಕ್ಕೆ ಹತ್ತೇ ಸ್ಥಾನಗಳು ಮೀಸಲಾಗಿದ್ದ ಕಾಲವದು. ಹಾಗೆ ಬಂದವರನ್ನೂ ಬ್ರಿಟಿಷ್ ಅಧಿಕಾರಿಗಳ ಮೇಲೆ ಅಧಿಕಾರ ನಡೆಸಬೇಕಾದ ಪ್ರಸಂಗ ಬಾರದಂತೆ ಗೊತ್ತುಮಾಡಿದ ಎಂಟು ತುಕಡಿಗಳಿಗೇ ಸೇರಿಸುತ್ತಿದ್ದರು. ಆ ಎಂಟರಲ್ಲಿ ಒಂದಾದ 19ನೆಯ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಬೆಟಾಲಿಯನ್ನಿನಲ್ಲಿ ಶ್ರೀನಾಗೇಶರು ಬೆಳೆದರು. ನಮ್ಮ ಕೊಡಗಿನ ತಿಮ್ಮಯ್ಯನವರೂ ಅಲ್ಲಿಯವರೇ. ಮುಂದೆ ಕುಮಾವೂ ರೆಜಿಮೆಂಟ್ ಎನಿಸಿಕೊಂಡ ಆ ಒಂದೇ ಮನೆಯಿಂದ ಶ್ರೀನಾಗೇಶ್, ತಿಮ್ಮಯ್ಯ, ಟಿ.ಎನ್. ರೈನಾ ಎಂಬ ಮೂವರು ಭೂಸೇನಾ ಮುಖ್ಯಸ್ಥರು ಬಂದರು.

1948ರ ಕಾಶ್ಮೀರ ಯುದ್ಧದ ಕೊನೆಯ ತಿಂಗಳುಗಳಲ್ಲಿ ಅಲ್ಲಿನ ಇಡೀ ದಂಡು ಶ್ರೀನಾಗೇಶರ ಕೈಕೆಳಗಿತ್ತು. ನವೆಂಬರ್ 1ರಂದು ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದ ಸಾಹಸದ ಕೀರ್ತಿ ನ್ಯಾಯವಾಗಿಯೇ ತಿಮ್ಮಯ್ಯನವರಿಗೆ ಸಂದಿದೆ; ಆದರೆ ತಿಮ್ಮಯ್ಯನವರ ಡಿವಿಷನ್ನಿನ ಮೇಲಿದ್ದ ಕೋರ್‌ನ (ಹಲವು ಡಿವಿಷನ್ನುಗಳ ದಂಡು) ದಂಡನಾಯಕರು ಇವರಾಗಿದ್ದರು. 1955ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥರಾಗಿ, 1957ರ ಮೇ 7ರಂದು ನಿವೃತ್ತರಾದಾಗ ಅವರಿಗೆ ಐವತ್ನಾಲ್ಕು ತುಂಬಲು ಇನ್ನೂ ನಾಲ್ಕು ದಿನ ಬಾಕಿಯಿತ್ತು. ಅನಂತರ ಹೈದರಾಬಾದಿನ ಆಡಳಿತ ಸಿಬ್ಬಂದಿ ಕಾಲೇಜಿನ ಪ್ರಾಂಶುಪಾಲರಾಗಿ, 1959ರಿಂದ ಅಸ್ಸಾಂ, 1962ರಿಂದ ಆಂಧ್ರಪ್ರದೇಶ, 1964ರಿಂದ ಮೈಸೂರು ಎಂಬ ಮೂರು ರಾಜ್ಯಗಳ ರಾಜ್ಯಪಾಲರಾಗಿ ಕೆಲಸ ಮಾಡಿದರು. 1977ರಲ್ಲಿ ನಿಧನರಾದರು.

ನಿವೃತ್ತ ಸೇನಾ ಮುಖ್ಯಸ್ಥರೊಬ್ಬರು ರಾಜ್ಯಪಾಲರಾದದ್ದು ಅದೇ ಮೊದಲು. ಲಕ್ಷಾಂತರ ಜನರಿಗೆ ಅಪ್ಪಣೆ ಕೊಟ್ಟು ರೂಢಿಯಾದವರು, ಮಂತ್ರಿಮಂಡಲ ಬರೆದುಕೊಟ್ಟ ಭಾಷಣವನ್ನು ಓದುವ ಹುದ್ದೆಗೆ ಹೇಗೆ ಒಗ್ಗುತ್ತಾರೆ, ಅಂಥವರನ್ನು ಅಲ್ಲಿ ಕೂರಿಸುವುದರಿಂದ ರಾಜ್ಯಕ್ಕೆ ಆಗುವ ಲಾಭವೇನು ಎಂಬುದು ನನ್ನ ಪ್ರಶ್ನೆ. ತಿಳಿದವರು ವಿಚಾರ ಮುಂದುವರಿಸಬೇಕೆಂದು ಕೋರುತ್ತೇನೆ.

ಮಂಡ್ಯದ ವಕೀಲ

ಮಾನ್ಯರೆ, ನಿಮ್ಮ ಪ್ರಶ್ನೆಯಲ್ಲಿ ‘ಹುದ್ದೆ’ ಎಂದು ಏಕವಚನದಲ್ಲಿ ಹೇಳಿದ್ದೀರಿ. ಶ್ರೀನಾಗೇಶರ ವಿಷಯದಲ್ಲಿ ಅದು ಹೊಂದುವುದಿಲ್ಲ ಎಂದು ನನ್ನ ಅಭಿಪ್ರಾಯ. ಅವರು ಹೊತ್ತದ್ದು ಒಂದೇ ಹೆಸರಿನ, ಆದರೆ ಎರಡು ಬಗೆಯ ಹುದ್ದೆಗಳನ್ನು.

ಬೆಂಗಳೂರಿನ ರಾಜಭವನದಲ್ಲಿ ಅವರು ಸಂವಿಧಾನದ 163ನೆಯ ವಿಧಿಗೆ ಒಳಪಟ್ಟ, ಎಂದರೆ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದ ರಾಜ್ಯಪಾಲರು. ಎಸ್. ನಿಜಲಿಂಗಪ್ಪನವರ ಸರ್ಕಾರಕ್ಕೆ ವಿಧಾನಸಭೆಯಲ್ಲಿ ಭದ್ರವಾದ ಬಹುಮತವಿತ್ತು. ಸರ್ಕಾರ ರಚನೆಗೆ ಯಾರನ್ನು ಕರೆಯಬೇಕೆಂಬ ಗೊಂದಲವಿರಲಿಲ್ಲ, ಸದನವನ್ನು ವಿಸರ್ಜಿಸುವ ಪ್ರಸಂಗವೂ ಇರಲಿಲ್ಲ. ಮಂತ್ರಿಮಂಡಲದ ಸಲಹೆಯಂತೆ ಮಸೂದೆಗಳಿಗೆ ಅಂಕಿತ ಹಾಕುವುದು, ಜಂಟಿ ಅಧಿವೇಶನದಲ್ಲಿ ಭಾಷಣ ಓದುವುದು, ವಿಶ್ವವಿದ್ಯಾನಿಲಯಗಳ ಕುಲಾಧಿಪತಿಯಾಗಿ ಘಟಿಕೋತ್ಸವದ ಅಧ್ಯಕ್ಷತೆ ವಹಿಸುವುದು, ಇಷ್ಟೇ ಕೆಲಸ. ಬೆಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ 1964ರಲ್ಲಿ ಅವರು ಇಲ್ಲಿದ್ದರು ಎಂಬುದನ್ನು ಬಿಟ್ಟರೆ ಆ ಅವಧಿಯಲ್ಲಿ ರಾಜ್ಯಪಾಲರ ಕಚೇರಿಯ ಗುರುತಾಗಿ ನಿಲ್ಲುವಂಥದ್ದು ಹೆಚ್ಚಿಲ್ಲ. ಇರಬೇಕಾದದ್ದೂ ಹಾಗೆಯೇ.

ಅಂದು ಅಸ್ಸಾಮಿನ ರಾಜಧಾನಿಯಾಗಿದ್ದ ಶಿಲ್ಲಾಂಗಿನ ಕಥೆ ಬೇರೆ. ಆಗ ಅಸ್ಸಾಮಿನ ರಾಜ್ಯಪಾಲರು ರಾಜ್ಯದ ಮಟ್ಟಿಗೆ ಬಿಮಲಾ ಪ್ರಸಾದ ಚಲಿಹಾ ಅವರ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಿದ್ದರೂ, ಇಂದು ಅರುಣಾಚಲ ಎನಿಸಿಕೊಂಡಿರುವ ನೇಫಾ ಪ್ರದೇಶವನ್ನೂ ನಾಗಾ ಗುಡ್ಡಗಳನ್ನೂ ರಾಷ್ಟ್ರಪತಿಗಳ ಪ್ರತಿನಿಧಿಯಾಗಿ ಸ್ವತಃ ಆಳುತ್ತಿದ್ದರು. ಸಂವಿಧಾನದ ಆರನೆಯ ಅನುಸೂಚಿಯ 18ನೆಯ ಪರಿಚ್ಛೇದ ಈ ಕೆಲಸದಲ್ಲಿ ಅವರಿಗೆ ವಿವೇಚನಾಧಿಕಾರವನ್ನು (ಮಂತ್ರಿಮಂಡಲದ ಸಲಹೆಯಿಲ್ಲದೆ ತಾವೇ ನಿರ್ಧರಿಸುವ ಅಧಿಕಾರವನ್ನು) ಸ್ಪಷ್ಟವಾಗಿ ಕೊಟ್ಟಿತ್ತು, ಮತ್ತು ಆ ಪ್ರದೇಶಗಳ ಕಡತ ಹೋಗುತ್ತಿದ್ದುದು ದೆಹಲಿಯ ವಿದೇಶಾಂಗ ಸಚಿವಾಲಯಕ್ಕೆ. ಅಂದರೆ ಬೆಳಿಗ್ಗೆ ಮುಖ್ಯಮಂತ್ರಿಯ ಸಲಹೆಗೆ ತಲೆಬಾಗುವ ಅದೇ ವ್ಯಕ್ತಿ ಮಧ್ಯಾಹ್ನ ಗಡಿನಾಡಿನ ಆಡಳಿತಗಾರ. ಇದನ್ನು ಅಲಂಕಾರದ ಹುದ್ದೆ ಎನ್ನಲಾಗದು.

ಮಾಜಿ ಸೈನಿಕ, ಮಳವಳ್ಳಿ

ವಕೀಲರು ಕಾನೂನಿನ ಕಡೆಯಿಂದ ಹೇಳಿದ್ದಾರೆ. ನಾನು ದಂಡಿನ ಕಡೆಯಿಂದ ಸ್ವಲ್ಪ ಹೇಳಬಯಸುತ್ತೇನೆ.

ಮೇಲಧಿಕಾರಿ ಎಂದರೆ ಸದಾ ಅಪ್ಪಣೆ ಕೊಡುವವನು ಎಂಬ ಕಲ್ಪನೆ ಹೊರಗಿನವರದು. ಒಬ್ಬ ಅಧಿಕಾರಿ ಲೆಫ್ಟಿನೆಂಟ್ ಆಗಿ ಸೇರಿದ ದಿನದಿಂದ ಜನರಲ್ ಆಗುವವರೆಗೆ ಮಾಡುವುದು ಮುಖ್ಯವಾಗಿ ಅಪ್ಪಣೆ ಪಾಲಿಸುವ ಕೆಲಸ. ಕೊನೆಗೆ ಸೇನಾ ಮುಖ್ಯಸ್ಥನಾದಾಗಲೂ ರಕ್ಷಣಾ ಸಚಿವರ ಕಡತಕ್ಕಾಗಿ ಕಾಯಬೇಕು. ತನ್ನ ಅಭಿಪ್ರಾಯವನ್ನು ಬರೆದು ಕೊಟ್ಟು, ಅದು ತಿರಸ್ಕೃತವಾದ ಮೇಲೂ ನಿರ್ಧಾರವನ್ನು ತನ್ನದೇ ಎಂಬಂತೆ ಜಾರಿಗೆ ತರುವ ಅಭ್ಯಾಸ ಅವನಿಗೆ ರಕ್ತಗತವಾಗಿರುತ್ತದೆ. ಮಂತ್ರಿಮಂಡಲದ ಭಾಷಣವನ್ನು ಒಂದಕ್ಷರ ಬಿಡದೆ ಓದುವುದು ಅಂಥವನಿಗೆ ಅವಮಾನವಾಗಿ ಕಾಣುವುದಿಲ್ಲ. ಚುನಾವಣೆಯಲ್ಲಿ ಗೆದ್ದು ಸೋತು ಬಂದ ರಾಜಕಾರಣಿಗೇ ಅದು ಹೆಚ್ಚು ಕಷ್ಟವಾದೀತು.

ಇನ್ನೊಂದು ಸಂಗತಿ ಗಮನಿಸಿ. ಬ್ರಿಟಿಷರ ಕಾಲದಲ್ಲಿ ಮಹಾದಂಡನಾಯಕರು ವೈಸ್‌ರಾಯ್ ಅವರ ಮಂಡಳಿಯ ಸದಸ್ಯರಾಗಿ, ದೆಹಲಿಯಲ್ಲಿ ಅವರ ನಂತರದ ಗಣ್ಯರಾಗಿದ್ದರು. ಅವರ ಬಂಗಲೆಯಾಗಿದ್ದ ತೀನ್ ಮೂರ್ತಿ ಭವನ ಸ್ವಾತಂತ್ರ್ಯಾನಂತರ ಪ್ರಧಾನಿಯ ನಿವಾಸವಾಯಿತು. 1955ರ ಏಪ್ರಿಲ್ 1ರಂದು ಮಹಾದಂಡನಾಯಕನ ಪದವಿಯನ್ನೇ ತೆಗೆದು, ಮೂರೂ ಸೇನೆಗಳಿಗೆ ಮುಖ್ಯಸ್ಥರನ್ನು ನೇಮಿಸಿದರು. ಅದುವರೆಗಿನ ಮಹಾದಂಡನಾಯಕರಾದ ರಾಜೇಂದ್ರಸಿಂಹಜಿಯವರು ಹೊಸ ಹೆಸರಿನಡಿ ಕೆಲವು ವಾರಗಳಷ್ಟೇ ಮುಂದುವರಿದರು. ಹೊಸ ಪದ್ಧತಿಯಲ್ಲಿ ಮೊದಲಿಂದಲೇ ನೇಮಕಗೊಂಡವರು ಶ್ರೀನಾಗೇಶರು. ಹೀಗಾಗಿ ಕಿರಿದುಗೊಳಿಸಿದ ಅಧಿಕಾರದಲ್ಲಿ ಘನತೆ ಕೆಡದಂತೆ ನಡೆದುಕೊಳ್ಳುವುದನ್ನು ಅವರು ರಾಜಭವನಕ್ಕೆ ಬರುವ ಮೊದಲೇ ದೆಹಲಿಯಲ್ಲಿ ಕಲಿತಿದ್ದರು ಎನ್ನಬಹುದು.

ಗೌರವ ವಂದನೆಯ ಬಗ್ಗೆಯೂ ಒಂದು ಮಾತು. ರಾಜ್ಯಪಾಲರಿಗೆ ಅವರ ರಾಜ್ಯದೊಳಗೆ ರಾಷ್ಟ್ರಗೀತೆಯೊಡನೆ ರಾಷ್ಟ್ರೀಯ ವಂದನೆ ಸಲ್ಲುತ್ತದೆ. ಸೇನೆಯ ಪದ್ಧತಿಯಲ್ಲಿ ತಲೆಯ ಮೇಲೆ ಟೋಪಿಯೋ ಪೇಟವೋ ಇಲ್ಲದೆ ಕೈಯೆತ್ತಿ ಸಲಾಮು ಮಾಡುವುದಿಲ್ಲ, ನೆಟ್ಟಗೆ ನಿಲ್ಲುತ್ತಾರೆ. ಸಮವಸ್ತ್ರ ಕಳಚಿಟ್ಟ ಜನರಲ್ ಒಬ್ಬರು ಹಾಗೆ ನಿಂತಾಗ ಎದುರಿನ ಸಾಲಿನಲ್ಲಿ ಯಾವ ಬಂದೂಕು ಅರ್ಧ ಅಂಗುಲ ವಾಲಿದೆ ಎಂಬುದು ಅವರ ಕಣ್ಣಿಗೆ ಬೀಳದೆ ಇರುವುದಿಲ್ಲ. ಸಾಲಿನಲ್ಲಿ ನಿಂತವರಿಗೂ ಅದು ಗೊತ್ತಿರುತ್ತದೆ. ಗೌರವ ರಕ್ಷೆಯಲ್ಲಿ ನಿಂತ ಅನುಭವದಿಂದ ಹೇಳುತ್ತಿದ್ದೇನೆ.

ಸರಸ್ವತಿಪುರಂ, ರಾಜ್ಯಶಾಸ್ತ್ರದ ವಿದ್ಯಾರ್ಥಿನಿ

ಮಳವಳ್ಳಿಯ ಹಿರಿಯರ ಮಾತನ್ನು ಗೌರವದಿಂದ ಓದಿದೆ. ಆದರೆ ಅಪ್ಪಣೆ ಪಾಲಿಸುವ ಅಭ್ಯಾಸವನ್ನು ರಾಜ್ಯಪಾಲರಿಗೆ ಬೇಕಾದ ಸದ್ಗುಣವೆಂದು ಒಪ್ಪಿಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಲೇಬೇಕಾಗುತ್ತದೆ. ಯಾರ ಅಪ್ಪಣೆ? ರಾಜ್ಯಪಾಲರು ರಾಜ್ಯದ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು, ನಿಜ. ಆದರೆ ಅವರನ್ನು ನೇಮಿಸುವುದೂ ತೆಗೆಯುವುದೂ 155 ಮತ್ತು 156ನೆಯ ವಿಧಿಗಳ ಪ್ರಕಾರ ರಾಷ್ಟ್ರಪತಿಗಳು, ಎಂದರೆ ವಾಸ್ತವವಾಗಿ ಕೇಂದ್ರ ಸರ್ಕಾರ. ದೆಹಲಿಯನ್ನೇ ಮೇಲಧಿಕಾರಿ ಎಂದು ಮೂರು ದಶಕ ಕಂಡವರು ರಾಜ್ಯ ಮತ್ತು ಕೇಂದ್ರದ ನಡುವೆ ಭಿನ್ನಾಭಿಪ್ರಾಯ ಬಂದಾಗ ಎತ್ತ ವಾಲುತ್ತಾರೆ? ಮೈಸೂರಿನಲ್ಲಿ ಶ್ರೀನಾಗೇಶರಿಗೆ ಈ ಪರೀಕ್ಷೆ ಎದುರಾಗಲಿಲ್ಲ, ಏಕೆಂದರೆ ಬೆಂಗಳೂರಿನಲ್ಲೂ ದೆಹಲಿಯಲ್ಲೂ ಕಾಂಗ್ರೆಸ್ಸೇ ಇತ್ತು. ಪರೀಕ್ಷೆ ನಡೆಯದ ಕಡೆ ಉತ್ತೀರ್ಣರಾದರೆಂದು ಹೇಳುವುದು ಸುಲಭ.

ಎರಡನೆಯದಾಗಿ, ಸೇನಾ ಮುಖ್ಯಸ್ಥರಿಗೆ ನಿವೃತ್ತಿಯ ನಂತರ ಸಿಕ್ಕ ನೇಮಕಗಳ ಸಾಲನ್ನೇ ನೋಡಿ. ಕಾರ್ಯಪ್ಪನವರು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಹೈಕಮಿಷನರ್ ಆಗಿ ಹೋದರು. ಥಾಪರ್ ಅಫ್ಘಾನಿಸ್ತಾನಕ್ಕೆ ರಾಯಭಾರಿಯಾದರು. ಚೌಧುರಿ ಕೆನಡಾಕ್ಕೆ ಹೋದರು. ಅಧಿಕಾರದಲ್ಲಿರುವಾಗಲೇ ಮುಂದಿನ ಹುದ್ದೆಯ ಆಸೆ ಕಣ್ಣೆದುರು ಇದ್ದರೆ, ಸಚಿವರಿಗೆ ಒಪ್ಪಿಗೆಯಾಗದ ಸಲಹೆಯನ್ನು ಒಬ್ಬ ಸೇನಾಧಿಕಾರಿ ಅಷ್ಟೇ ಧೈರ್ಯದಿಂದ ಕೊಡಬಲ್ಲನೆ? ಶ್ರೀನಾಗೇಶರ ಮೇಲೆ ಇದು ಆರೋಪವಲ್ಲ, ನೇಮಕ ಮಾಡುವವರ ಪದ್ಧತಿಯ ಮೇಲಿನ ಆಕ್ಷೇಪ. ಅವರ ನಂತರ ಮುಖ್ಯಸ್ಥರಾದ ತಿಮ್ಮಯ್ಯನವರು 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಮನಸ್ತಾಪವಾಗಿ ರಾಜೀನಾಮೆ ಕೊಟ್ಟು, ನೆಹರೂ ಅವರ ಮಾತಿಗೆ ಹಿಂತೆಗೆದುಕೊಂಡರು. ನಿವೃತ್ತಿಯ ಬಳಿಕ ಅವರಿಗೆ ರಾಜಭವನ ದೊರೆಯಲಿಲ್ಲ. 1964ರಲ್ಲಿ ಅವರನ್ನು ಸೈಪ್ರಸ್ಸಿನ ಶಾಂತಿಪಾಲನಾ ಪಡೆಗೆ ದಂಡನಾಯಕರನ್ನಾಗಿ ಮಾಡಿದ್ದು ವಿಶ್ವಸಂಸ್ಥೆ.

ಚಾಮುಂಡಿಪುರಂ ಓದುಗ

ವಿದ್ಯಾರ್ಥಿನಿಯವರ ಪ್ರಶ್ನೆ ತೂಕದ್ದಾಗಿದೆ. ಉತ್ತರವನ್ನು ಮೈಸೂರಿಗಿಂತ ಅಸ್ಸಾಮಿನ ವರ್ಷಗಳಲ್ಲಿ ಹುಡುಕುವುದೇ ಸರಿ. ಅಲ್ಲಿ ಅವರಿಗೆ ಪರೀಕ್ಷೆ ಒಂದಲ್ಲ, ಹಲವು ಬಂದವು.

1956ರಲ್ಲಿ ನಾಗಾ ಗುಡ್ಡಗಳಲ್ಲಿ ಬಂಡಾಯ ತೀವ್ರವಾಗಿ ಸೇನೆ ಕಾರ್ಯಾಚರಣೆಗೆ ಇಳಿದಾಗ ಸೇನೆಯ ಮುಖ್ಯಸ್ಥರಾಗಿದ್ದವರು ಇದೇ ಶ್ರೀನಾಗೇಶರು. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ 1958ರಲ್ಲಿ ಬಂದಿತು. ಆಗ ಅವರು ಸೇನೆಯಲ್ಲಿರಲಿಲ್ಲ. ಮರುವರ್ಷವೇ ಅದೇ ಗುಡ್ಡಗಳ ನಾಗರಿಕ ಆಡಳಿತದ ಹೊಣೆ ಹೊತ್ತು ಶಿಲ್ಲಾಂಗಿಗೆ ಬಂದರು. ತಾನು ಮುಖ್ಯಸ್ಥನಾಗಿದ್ದಾಗ ಪಡೆಗಳು ಹೊಕ್ಕ ಊರುಗಳಿಗೆ ಮೂರು ವರ್ಷಗಳ ಬಳಿಕ ಆಡಳಿತಗಾರನಾಗಿ ಬರುವ ಅವಕಾಶ, ಅಥವಾ ಸಂಕಟ, ನಮ್ಮ ದೇಶದಲ್ಲಿ ಎಷ್ಟು ಜನರಿಗೆ ಒದಗಿದೆ? 1960ರ ಜುಲೈನಲ್ಲಿ ನಾಗಾ ಜನಸಮ್ಮೇಳನದ ಮುಖಂಡರಿಗೂ ಭಾರತ ಸರ್ಕಾರಕ್ಕೂ ಹದಿನಾರು ಅಂಶಗಳ ಒಪ್ಪಂದವಾಯಿತು. ಅದರ ಫಲವಾಗಿ 1963ರ ಡಿಸೆಂಬರ್ 1ರಂದು ನಾಗಾಲ್ಯಾಂಡ್ ಪ್ರತ್ಯೇಕ ರಾಜ್ಯವಾಯಿತು. ಒಪ್ಪಂದ ದೆಹಲಿಯದು, ಶ್ರೇಯವೂ ದೆಹಲಿಯದೇ ಇರಲಿ. ಒಪ್ಪಂದವಾದ ಮೇಲಿನ ಮೊದಲ ಎರಡು ವರ್ಷ, ನಡುವಿನ ಸ್ವಲ್ಪ ಕಾಲ ಬಿಟ್ಟು, ಆ ಗುಡ್ಡಗಳ ಆಡಳಿತ ಇವರ ಸಹಿಯ ಮೇಲೆ ನಡೆಯಿತು. ಬಂದೂಕಿನಿಂದ ಆಗುವುದೆಷ್ಟು, ಆಗದ್ದೆಷ್ಟು ಎಂದು ತಿಳಿದವರು ಆ ಕುರ್ಚಿಯಲ್ಲಿದ್ದದ್ದು ಒಳ್ಳೆಯದಾಯಿತೆಂದೇ ನನ್ನ ಭಾವನೆ.

ಅದೇ 1960ರ ಜುಲೈನಲ್ಲಿ ಬ್ರಹ್ಮಪುತ್ರಾ ಕಣಿವೆಯಲ್ಲಿ ಭಾಷಾ ಗಲಭೆಗಳಾದವು. ಅಕ್ಟೋಬರಿನಲ್ಲಿ ಅಸ್ಸಾಮಿಯನ್ನು ರಾಜ್ಯಭಾಷೆ ಮಾಡುವ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾಯಿತು. 1961ರ ಮೇ 19ರಂದು ಕಛಾರ್ ಜಿಲ್ಲೆಯ ಸಿಲ್ಚಾರಿನಲ್ಲಿ ಬಂಗಾಳಿಗಾಗಿ ಸತ್ಯಾಗ್ರಹ ಮಾಡುತ್ತಿದ್ದವರ ಮೇಲೆ ಗುಂಡು ಹಾರಿ ಹನ್ನೊಂದು ಜನ ಸತ್ತರು. ಇದು ರಾಜ್ಯದ ಕಾನೂನು ಸುವ್ಯವಸ್ಥೆಯ ವಿಷಯ. ಇಲ್ಲಿ ರಾಜ್ಯಪಾಲರಿಗೆ ವಿವೇಚನಾಧಿಕಾರವಿರಲಿಲ್ಲ. ಒಂದೇ ಮೇಜಿನ ಮೇಲೆ ನಾಗಾ ಗುಡ್ಡಗಳ ಕಡತದಲ್ಲಿ ಸ್ವತಃ ಆಜ್ಞೆ ಬರೆಯಬಲ್ಲವರು, ಕಛಾರಿನ ಕಡತದಲ್ಲಿ ಮಂತ್ರಿಮಂಡಲದ ನಿರ್ಧಾರಕ್ಕೆ ಅಂಕಿತ ಹಾಕಿ ಸುಮ್ಮನಿರಬೇಕಿತ್ತು. ಸೈನ್ಯವನ್ನು ಆಳಿದವರಿಗೆ ಈ ಎರಡನೆಯದೇ ಕಠಿಣವೆಂದು ನಾನು ತಿಳಿದಿದ್ದೇನೆ, ಮಳವಳ್ಳಿಯ ಮಿತ್ರರು ಏನೇ ಹೇಳಲಿ.

ಶ್ರೀರಂಗಪಟ್ಟಣದಿಂದ

ನಮ್ಮ ಕಡೆ ಹಿರಿಯರು ರಾಜ್ಯಪಾಲರನ್ನು ಉತ್ಸವಮೂರ್ತಿ ಎನ್ನುತ್ತಿದ್ದರು; ಮೆರವಣಿಗೆ ಇವರಿಗೆ, ಪೂಜೆ ಗರ್ಭಗುಡಿಯಲ್ಲಿ ಇನ್ನೊಬ್ಬರಿಗೆ. ಮೈಸೂರಿನ ಜನಕ್ಕೆ ಈ ವ್ಯವಸ್ಥೆ ಬೇಗ ಅರ್ಥವಾದದ್ದಕ್ಕೆ ಕಾರಣ ಜಯಚಾಮರಾಜೇಂದ್ರ ಒಡೆಯರು. ಆಳುವ ಅರಸರಾಗಿದ್ದವರು 1950ರಲ್ಲಿ ರಾಜಪ್ರಮುಖರಾಗಿ, 1956ರಲ್ಲಿ ಏಕೀಕೃತ ರಾಜ್ಯದ ರಾಜ್ಯಪಾಲರಾಗಿ, ಅಧಿಕಾರ ಕರಗುತ್ತಾ ಹೋದರೂ ಗೌರವ ಉಳಿಯುವುದು ಹೇಗೆಂದು ಸ್ವತಃ ತೋರಿಸಿದರು. ಅವರ ಜಾಗಕ್ಕೆ ಯಾವುದೇ ವಂಶಪರಂಪರೆಯ ಬಲವಿಲ್ಲದೆ, ಕೇವಲ ಸೇವೆಯ ಬಲದಿಂದ ಬಂದವರು ಶ್ರೀನಾಗೇಶರು. ಮೈಸೂರು ಸೀಮೆಯಲ್ಲಿ ಆ ಮೊದಲ ದಿನಗಳು ಅವರಿಗೆ ಸುಲಭವಾಗಿದ್ದಿರಲಾರವು. ಬಂದು ತಿಂಗಳು ತುಂಬುವ ಮೊದಲೇ, ಮೇ 27ರಂದು, ನೆಹರೂ ತೀರಿಕೊಂಡರು. ಇವರನ್ನು ಸೇನಾ ಮುಖ್ಯಸ್ಥರನ್ನಾಗಿ ಆರಿಸಿದ್ದೂ ಮೂರು ರಾಜಭವನಗಳಿಗೆ ಕಳಿಸಿದ್ದೂ ನೆಹರೂ ಸರ್ಕಾರವೇ.

ಆ ಬಳಿಕ ಬಹುಕಾಲ ಯಾವ ನಿವೃತ್ತ ಭೂಸೇನಾ ಮುಖ್ಯಸ್ಥರೂ ರಾಜ್ಯಪಾಲರಾಗಲಿಲ್ಲವಷ್ಟೆ?

ಮಂಡ್ಯದ ವಕೀಲ

ಹೌದು. 1965ರ ಬಳಿಕ ಮುಂದಿನವರು ಜನರಲ್ ಕೆ.ವಿ. ಕೃಷ್ಣರಾವ್. 1984ರಲ್ಲಿ ಅವರನ್ನು ನಾಗಾಲ್ಯಾಂಡ್, ಮಣಿಪುರ, ತ್ರಿಪುರಗಳ ರಾಜ್ಯಪಾಲರನ್ನಾಗಿ ಮಾಡಿದರು. ಆಮೇಲೆ 1989ರಲ್ಲಿ ಜಮ್ಮು ಮತ್ತು ಕಾಶ್ಮೀರಕ್ಕೆ, 1993ರಲ್ಲಿ ಮತ್ತೆ ಅಲ್ಲಿಗೇ. ಜನರಲ್ ಒ.ಪಿ. ಮಲ್ಹೋತ್ರಾ 1990ರಲ್ಲಿ ಪಂಜಾಬಿಗೆ ಹೋದರು. ಸೇನಾ ಮುಖ್ಯಸ್ಥರಾಗಿರದ ಲೆಫ್ಟಿನೆಂಟ್ ಜನರಲ್ ಎಸ್.ಕೆ. ಸಿನ್ಹಾ 1997ರಲ್ಲಿ ಅಸ್ಸಾಮಿಗೆ, 2003ರಲ್ಲಿ ಕಾಶ್ಮೀರಕ್ಕೆ, ಜನರಲ್ ಜೆ.ಜೆ. ಸಿಂಗ್ 2008ರಲ್ಲಿ ಅರುಣಾಚಲಕ್ಕೆ, ಜನರಲ್ ವಿ.ಕೆ. ಸಿಂಗ್ 2025ರಲ್ಲಿ ಮಿಜೋರಾಮಿಗೆ. ಪಟ್ಟಿಯನ್ನು ಭೂಪಟದ ಮೇಲಿಟ್ಟು ನೋಡಿದರೆ ಎಲ್ಲವೂ ಗಡಿಯ ರಾಜ್ಯಗಳೇ. ಮೈಸೂರಿನಂಥ ಒಳನಾಡಿಗೆ ಭೂಸೇನಾ ಮುಖ್ಯಸ್ಥರಾಗಿದ್ದವರನ್ನು ಕಳಿಸುವುದು ಶ್ರೀನಾಗೇಶರಿಗೇ ನಿಂತಿತು.

ಇಲ್ಲಿ ವಿದ್ಯಾರ್ಥಿನಿಯವರ ಆಕ್ಷೇಪಕ್ಕೆ ಬಲ ಬರುತ್ತದೆಂದು ಒಪ್ಪುತ್ತೇನೆ. ಕೃಷ್ಣರಾವ್ ಅವರು ಎರಡನೆಯ ಬಾರಿ ಕಾಶ್ಮೀರಕ್ಕೆ ಹೋದಾಗ ಅಲ್ಲಿ ಮಂತ್ರಿಮಂಡಲವೇ ಇರಲಿಲ್ಲ. 1996ರ ಚುನಾವಣೆಯವರೆಗೆ ರಾಷ್ಟ್ರಪತಿ ಆಳ್ವಿಕೆಯಲ್ಲಿ ರಾಜ್ಯಪಾಲರೇ ಸರ್ಕಾರ. ಸಿನ್ಹಾ ಅವರು 1998ರಲ್ಲಿ ಅಸ್ಸಾಮಿನ ಅಕ್ರಮ ವಲಸೆಯ ಬಗ್ಗೆ ರಾಷ್ಟ್ರಪತಿಗಳಿಗೆ ನೇರವಾಗಿ ವರದಿ ಬರೆದರು. ಮುಂದೆ ಅದನ್ನು ಸುಪ್ರೀಂ ಕೋರ್ಟ್ ಕೂಡ ತನ್ನ ತೀರ್ಪಿನಲ್ಲಿ ಉಲ್ಲೇಖಿಸಿತು. ಇವರಾರೂ ಉತ್ಸವಮೂರ್ತಿಗಳಾಗಿರಲಿಲ್ಲ. ಕೇಂದ್ರಕ್ಕೆ ಜನರಲ್ ನೆನಪಾಗುವುದು, ಆ ಹುದ್ದೆ ಅಲಂಕಾರವಾಗಿ ಉಳಿಯಲಾರದು ಎಂದು ಅದಕ್ಕೆ ಮೊದಲೇ ಅನ್ನಿಸಿದಾಗ.

ಸರಸ್ವತಿಪುರಂ, ರಾಜ್ಯಶಾಸ್ತ್ರದ ವಿದ್ಯಾರ್ಥಿನಿ

ವಕೀಲರ ಕೊನೆಯ ವಾಕ್ಯವನ್ನೇ ನಾನು ಹೇಳಬೇಕೆಂದಿದ್ದೆ. ಆದರೆ ಚಾಮುಂಡಿಪುರಂ ಅವರ ಒಂದು ಮಾತನ್ನು ಒಪ್ಪಲಾರೆ. ಸಿಲ್ಚಾರಿನ ಸಂದರ್ಭದಲ್ಲಿ ರಾಜ್ಯಪಾಲರು ‘ಸುಮ್ಮನಿರಬೇಕಿತ್ತು’ ಎಂದಿದ್ದಾರೆ. 167ನೆಯ ವಿಧಿ ಮುಖ್ಯಮಂತ್ರಿಯಿಂದ ಮಾಹಿತಿ ಕೇಳುವ ಹಕ್ಕನ್ನು, ಒಬ್ಬ ಸಚಿವರು ಒಬ್ಬರೇ ಕೈಗೊಂಡ ನಿರ್ಧಾರವನ್ನು ಮಂತ್ರಿಮಂಡಲದ ಮುಂದಿಡುವಂತೆ ಹೇಳುವ ಹಕ್ಕನ್ನು ರಾಜ್ಯಪಾಲರಿಗೆ ಕೊಟ್ಟಿದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮುಖ್ಯಮಂತ್ರಿಗೆ ಎಚ್ಚರಿಕೆ ಹೇಳುವುದಕ್ಕೆ ವಿವೇಚನಾಧಿಕಾರ ಬೇಕಿಲ್ಲ. 1961ರಲ್ಲೇ ಕಾಯ್ದೆಗೆ ತಿದ್ದುಪಡಿಯಾಗಿ ಕಛಾರಿನಲ್ಲಿ ಬಂಗಾಳಿಗೆ ಸ್ಥಾನ ದೊರೆತದ್ದು ಗೃಹ ಸಚಿವ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಮಧ್ಯಸ್ಥಿಕೆಯ ನಂತರ. ದೆಹಲಿಯ ಸಚಿವರು ಬಂದು ಹೇಳಬೇಕಾಯಿತು ಎಂದರೆ, ಶಿಲ್ಲಾಂಗಿನ ರಾಜಭವನದ ಮಾತಿಗೆ ಮುಖ್ಯಮಂತ್ರಿಯ ಕಚೇರಿಯಲ್ಲಿ ಎಷ್ಟು ಬೆಲೆಯಿತ್ತೆಂದು ಕೇಳುವುದು ಅನ್ಯಾಯವಾಗದು.

ಮಾಜಿ ಸೈನಿಕ, ಮಳವಳ್ಳಿ

ಅಮ್ಮಾ, ನಿಮ್ಮ ಪ್ರಶ್ನೆ ಸರಿ. ಆದರೆ ಗುಟ್ಟಾಗಿ ಕೊಟ್ಟ ಸಲಹೆಯನ್ನು ಹೊರಗೆ ಹೇಳಿಕೊಳ್ಳದಿರುವುದೂ ಆ ತಲೆಮಾರಿನ ಅಧಿಕಾರಿಗಳ ನಡವಳಿಕೆಯ ಭಾಗವಾಗಿತ್ತು. ಶಾಸ್ತ್ರಿಯವರು ಬಂದರೆಂಬ ಒಂದೇ ಕಾರಣಕ್ಕೆ ರಾಜ್ಯಪಾಲರು ಬಾಯಿ ತೆರೆಯಲಿಲ್ಲವೆಂದು ತೀರ್ಮಾನಿಸಲಾಗದು. ರಾಜ್ಯಪಾಲರು ಬರೆದಿದ್ದರಿಂದಲೇ ಗೃಹ ಸಚಿವರು ಹೊರಟಿರಲೂಬಹುದು. ಅವರು 1962ರ ಸೆಪ್ಟೆಂಬರಿನಲ್ಲಿ ಅಸ್ಸಾಂ ಬಿಟ್ಟು ಹೈದರಾಬಾದಿಗೆ ಹೋದರು, ಅಕ್ಟೋಬರ್ 20ರಂದು ಚೀನೀಯರು ನೇಫಾದೊಳಗೆ ನುಗ್ಗಿದರು ಎಂಬುದನ್ನೂ ಈ ಚರ್ಚೆಗೆ ಸೇರಿಸಿಕೊಳ್ಳಿ. ಸುಮಾರು ಮೂರು ವರ್ಷ ಆ ಗಡಿಯನ್ನು ಆಡಳಿತಗಾರನಾಗಿಯೂ ಸೈನಿಕನ ಕಣ್ಣಿನಿಂದಲೂ ನೋಡಿದ್ದ ಮಾಜಿ ಸೇನಾ ಮುಖ್ಯಸ್ಥರನ್ನು, ಗಡಿ ಬಿಸಿಯಾಗಿದ್ದ ಆ ತಿಂಗಳಲ್ಲಿ ಬೇರೆಡೆಗೆ ವರ್ಗ ಮಾಡಿದ ತೀರ್ಮಾನ ನನಗೆ ಇಂದಿಗೂ ಒಗಟಾಗಿದೆ. ರಾಜ್ಯಪಾಲರಾಗಿ ಅವರು ಅಲ್ಲಿದ್ದಿದ್ದರೆ ಯುದ್ಧದ ಫಲ ಬದಲಾಗುತ್ತಿತ್ತೆಂದು ನಾನು ಹೇಳುವುದಿಲ್ಲ, ದಂಡಿನ ಮೇಲೆ ಅವರಿಗೆ ಯಾವ ಅಧಿಕಾರವೂ ಇರಲಿಲ್ಲ. ಆದರೆ ನೇಫಾದ ಬೊಮ್ಡಿಲಾ ಬಿದ್ದು ಅಸ್ಸಾಮಿನ ತೇಜ್‌ಪುರದ ಜನ ಊರು ಬಿಟ್ಟು ಓಡಿದ ಆ ನವೆಂಬರಿನಲ್ಲಿ, ನಾಗರಿಕ ಆಡಳಿತದ ಮೇಲಿನ ಕುರ್ಚಿಯಲ್ಲಿ ಅಂಥವರೊಬ್ಬರು ಇರಬೇಕಿತ್ತು.